ಜಾಲತಾಣದ ಕಡತಗಳು ಗಣಕಯಂತ್ರದ ಡ್ರೈವ್ ರೂಪದಲ್ಲಿ: ಅನುಕೂಲವೇನು, ಎಚ್ಚರವೇನು?

2025ರ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿಯು ತೆರಿಗೆ ದರಗಳಲ್ಲಿ ವ್ಯಾಪಕ ಬದಲಾವಣೆಗೆ ಶಿಫಾರಸು ಮಾಡಿತು. ಬಹುಪಾಲು ಸರಕುಗಳಿಗೆ ಹೊಸ ದರಗಳು ಅದೇ ತಿಂಗಳ 22ರಿಂದ ಜಾರಿಗೆ ಬಂದವು. ಸಿಮೆಂಟಿನ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೂ, ತಲೆಗೂದಲ ಎಣ್ಣೆಯ ಮೇಲಿನ ತೆರಿಗೆ ಶೇ. 18ರಿಂದ 5ಕ್ಕೂ ಇಳಿದವು. ಅಂಗಡಿಯ ಬಿಲ್ಲಿಂಗ್ ತಂತ್ರಾಂಶದಲ್ಲಿ ದರ ತಿದ್ದುವುದು ಗುಮಾಸ್ತರಿಂದಲೇ ಆಗುವ ಕೆಲಸ. ಆದರೆ ಸಂಸ್ಥೆಯ ಜಾಲತಾಣದಲ್ಲಿರುವ ದರಪಟ್ಟಿಯನ್ನು ಬದಲಿಸಲು ತಾಣ ರೂಪಿಸಿದವರಿಗೆ ಕರೆ ಮಾಡಿ, ಅವರ ಬಿಡುವಿಗಾಗಿ ಕಾಯುವ ಸ್ಥಿತಿ ಅನೇಕ ಸಣ್ಣ ಉದ್ದಿಮೆಗಳದು. ಬಿಲ್ಲಿನಲ್ಲಿ ಒಂದು ದರ, ತಾಣದಲ್ಲಿ ಮತ್ತೊಂದು ದರವಿದ್ದರೆ ಗ್ರಾಹಕರಿಗೆ ಉತ್ತರ ಹೇಳಬೇಕಾದವರು ಮಾಲೀಕರೇ ಹೊರತು ತಾಣ ರೂಪಿಸಿದವರಲ್ಲ.

ಈ ಅವಲಂಬನೆಯನ್ನು ತಗ್ಗಿಸುವ ಸರಳ ವ್ಯವಸ್ಥೆಯೊಂದಿದೆ. ದೂರದ ಸರ್ವರ್‌ನಲ್ಲಿರುವ ಜಾಲತಾಣದ ಕಡತಗಳನ್ನು ಕಚೇರಿಯ ಗಣಕಯಂತ್ರದಲ್ಲಿ ಸಿ, ಡಿ ಡ್ರೈವ್‌ಗಳಂತೆ ಇನ್ನೊಂದು ಡ್ರೈವ್ ಆಗಿ ಕಾಣುವಂತೆ ಜೋಡಿಸಿಕೊಳ್ಳಬಹುದು. ಅನುಕೂಲ ದೊಡ್ಡದು, ಅದರೊಂದಿಗೆ ಬರುವ ಹೊಣೆಯೂ ಸಣ್ಣದಲ್ಲ.

ವ್ಯವಸ್ಥೆಯ ಹಿನ್ನೆಲೆ

ಜಾಲತಾಣವೆಂದರೆ ಮೂಲತಃ ಸದಾ ಚಾಲನೆಯಲ್ಲಿರುವ ಗಣಕಯಂತ್ರವೊಂದರಲ್ಲಿ ಇರಿಸಿದ ಕಡತಗಳ ಸಮೂಹ. ಅಲ್ಲಿಗೆ ಕಡತ ಕಳುಹಿಸಲು ಬಹುಕಾಲದಿಂದ ಬಳಕೆಯಲ್ಲಿದ್ದುದು ಎಫ್‌ಟಿಪಿ ಎಂಬ ವಿಧಾನ. 1985ರ ಮಾನಕವನ್ನು ಆಧರಿಸಿದ ಈ ವಿಧಾನದಲ್ಲಿ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ಸಾಗುತ್ತವೆ. ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರ್‌ಗಳು 2021ರಲ್ಲಿ ಇದರ ಬೆಂಬಲವನ್ನು ಕೈಬಿಟ್ಟವು.

ಇದಕ್ಕಿಂತ ಭಿನ್ನವಾದುದು ವೆಬ್‌ಡಾವ್. ಇದರ ಮಾನಕ 1999ರಲ್ಲಿ ಮೊದಲು ಪ್ರಕಟವಾಗಿ, 2007ರಲ್ಲಿ ಪರಿಷ್ಕೃತಗೊಂಡಿತು. ಬ್ರೌಸರ್ ಪುಟಗಳನ್ನು ತರಿಸಿಕೊಳ್ಳುವ ಎಚ್‌ಟಿಟಿಪಿ ನಿಯಮಾವಳಿಗೇ ಕಡತಗಳನ್ನು ಪಟ್ಟಿ ಮಾಡುವ, ನಕಲಿಸುವ, ಸ್ಥಳಾಂತರಿಸುವ, ಹೊಸ ಫೋಲ್ಡರ್ ರಚಿಸುವ ಅಧಿಕಾರಗಳನ್ನು ಇದು ಸೇರಿಸಿತು. ಇಬ್ಬರು ಒಂದೇ ಕಡತವನ್ನು ಏಕಕಾಲಕ್ಕೆ ತಿದ್ದಿ ಕೆಡಿಸದಂತೆ ಬೀಗ ಹಾಕುವ ಸೌಲಭ್ಯವೂ ಇದರಲ್ಲಿದೆ. ಎಚ್‌ಟಿಟಿಪಿಎಸ್ ಮೂಲಕ ಬಳಸಿದಾಗ ಮಾಹಿತಿಯೆಲ್ಲ ಗೂಢಲಿಪಿಯಲ್ಲಿ ಸಾಗುತ್ತದೆ.

ಜೋಡಿಸುವ ವಿಧಾನ

ಮೊದಲಿಗೆ ಹೋಸ್ಟಿಂಗ್ ಸೇವೆಯಲ್ಲಿ ಈ ಸೌಲಭ್ಯವಿದೆಯೇ ಎಂದು ವಿಚಾರಿಸಬೇಕು. ಸಿ-ಪ್ಯಾನೆಲ್ ಬಳಸುವ ಸೇವೆಗಳಲ್ಲಿ ಇದು ‘ವೆಬ್ ಡಿಸ್ಕ್’ ಎಂಬ ಹೆಸರಿನಲ್ಲಿರುತ್ತದೆ. ವಿಂಡೋಸ್‌ನ ‘ದಿಸ್ ಪಿಸಿ’ಯಲ್ಲಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಆಯ್ದು, ಒಂದು ಅಕ್ಷರವನ್ನು ಗೊತ್ತುಪಡಿಸಿ, ಸೇವಾದಾರರು ಕೊಟ್ಟ ವಿಳಾಸ, ಬಳಕೆದಾರರ ಹೆಸರು ಹಾಗೂ ಪಾಸ್‌ವರ್ಡ್ ನಮೂದಿಸಬೇಕು. ಮ್ಯಾಕ್ ಗಣಕಯಂತ್ರದಲ್ಲಿ ಫೈಂಡರ್‌ನ ‘ಗೋ’ ಪಟ್ಟಿಯಲ್ಲಿರುವ ‘ಕನೆಕ್ಟ್ ಟು ಸರ್ವರ್’ ಇದೇ ಕೆಲಸ ಮಾಡುತ್ತದೆ.

ವಿಂಡೋಸ್‌ನಲ್ಲಿ ಈ ಕಾರ್ಯ ನಿರ್ವಹಿಸುವುದು ‘ವೆಬ್‌ಕ್ಲೈಂಟ್’ ಎಂಬ ಅಂತರ್ಗತ ಸೇವೆ. ಇದರ ಅಭಿವೃದ್ಧಿಯನ್ನು ನಿಲ್ಲಿಸಿರುವುದಾಗಿ ಮೈಕ್ರೋಸಾಫ್ಟ್ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಮುಂದಿನ ಆವೃತ್ತಿಗಳಲ್ಲಿ ಇದು ಇಲ್ಲವಾಗಬಹುದಾದ್ದರಿಂದ ಹೊಸದಾಗಿ ಆರಂಭಿಸುವವರು ಪರ್ಯಾಯವನ್ನೂ ತಿಳಿದಿರಬೇಕು. ವಿನ್‌ಎಸ್‌ಸಿಪಿ ಎಂಬ ಉಚಿತ ತಂತ್ರಾಂಶವು ಡ್ರೈವ್ ಅಕ್ಷರ ಕೊಡದಿದ್ದರೂ ಒಂದು ಬದಿಯಲ್ಲಿ ಕಚೇರಿಯ ಕಡತಗಳನ್ನು, ಇನ್ನೊಂದು ಬದಿಯಲ್ಲಿ ತಾಣದ ಕಡತಗಳನ್ನು ತೋರಿಸುತ್ತದೆ. ವೆಬ್‌ಡಾವ್ ಜೊತೆಗೆ ಸುರಕ್ಷಿತವಾದ ಎಸ್‌ಎಫ್‌ಟಿಪಿ ವಿಧಾನದಲ್ಲೂ ಕೆಲಸ ಮಾಡುತ್ತದೆ. ಡ್ರೈವ್ ಅಕ್ಷರವೇ ಬೇಕೆನ್ನುವವರಿಗೆ ಆರ್‌ಕ್ಲೋನ್ ಎಂಬ ಉಚಿತ ತಂತ್ರಾಂಶವಿದೆ. ಆದರೆ ಅದನ್ನು ಹೊಂದಿಸಲು ಬಲ್ಲವರ ನೆರವು ಬೇಕಾದೀತು.

ಇಷ್ಟಾದ ಮೇಲೆ ಪಿಡಿಎಫ್ ರೂಪದ ದರಪಟ್ಟಿಯನ್ನು ಬದಲಿಸುವುದು ಕೆಲವೇ ನಿಮಿಷಗಳ ಕೆಲಸ. ಹಳೆಯ ಕಡತದ ಹೆಸರನ್ನೇ ಹೊಸದಕ್ಕೂ ಇಟ್ಟರೆ, ಗ್ರಾಹಕರಿಗೆ ಈಗಾಗಲೇ ಕಳುಹಿಸಿರುವ ಕೊಂಡಿಗಳು ಹೊಸ ಪಟ್ಟಿಯನ್ನೇ ತೆರೆಯುತ್ತವೆ. ಹಳೆಯ ಪಟ್ಟಿಯ ಪ್ರತಿಯನ್ನು ಮಾತ್ರ ದಿನಾಂಕ ಸಹಿತ ಕಚೇರಿಯಲ್ಲಿ ಉಳಿಸಿಕೊಳ್ಳತಕ್ಕದ್ದು. ಆದರೆ ವರ್ಡ್‌ಪ್ರೆಸ್ ಮುಂತಾದವುಗಳಲ್ಲಿ ನಡೆಯುವ ಆನ್‌ಲೈನ್ ಮಳಿಗೆಯ ಬೆಲೆಗಳು ದತ್ತಸಂಚಯದಲ್ಲಿರುತ್ತವೆ. ಅವು ಡ್ರೈವ್‌ನಲ್ಲಿ ಸಿಗಲಾರವು. ಅವನ್ನು ತಾಣದ ನಿರ್ವಹಣಾ ಪುಟದಿಂದಲೇ ತಿದ್ದಬೇಕು.

ಡ್ರೈವ್‌ನಂತೆ ಕಂಡರೂ ಕಪಾಟಲ್ಲ

ಈ ಡ್ರೈವ್ ನೋಡಲು ಕಚೇರಿಯ ಕಪಾಟಿನಂತಿದ್ದರೂ ವಾಸ್ತವದಲ್ಲಿ ಬೀದಿಗೆ ತೆರೆದಿರುವ ಅಂಗಡಿಯ ಮುಂಭಾಗ. ಇಲ್ಲಿ ಅಳಿಸಿದ್ದು ಗಣಕಯಂತ್ರದ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಆ ಕ್ಷಣವೇ ತಾಣದಿಂದ ಮರೆಯಾಗುತ್ತದೆ. ಕಚೇರಿಯ ಯಂತ್ರಕ್ಕೆ ಕಡತಗಳನ್ನು ಒತ್ತೆಯಿಡುವ ರ‍್ಯಾನ್ಸಮ್‌ವೇರ್ ತಗುಲಿದರೆ, ಜೋಡಿಸಿರುವ ಡ್ರೈವ್‌ಗೂ ಅದು ಹರಡಬಲ್ಲದು. ಕೆಲಸ ಮುಗಿದೊಡನೆ ‘ಡಿಸ್‌ಕನೆಕ್ಟ್’ ಮಾಡುವುದು ಅಂಗಡಿಯ ಬಾಗಿಲು ಹಾಕಿದಷ್ಟೇ ಅಗತ್ಯ.

ಖಾಲಿ ಜಾಗ ಧಾರಾಳವಾಗಿದೆಯೆಂದು ಲೆಕ್ಕಪತ್ರದ ಬ್ಯಾಕಪ್, ಜಿಎಸ್‌ಟಿ ದಾಖಲೆ, ಸಂಬಳದ ಪಟ್ಟಿಗಳನ್ನು ಅಲ್ಲಿ ಇರಿಸುವುದು ಇನ್ನೂ ಅಪಾಯಕಾರಿ. ‘ಪಬ್ಲಿಕ್ ಎಚ್‌ಟಿಎಂಎಲ್’ ಹೆಸರಿನ ಫೋಲ್ಡರ್‌ನಲ್ಲಿ ಇಟ್ಟ ಕಡತವನ್ನು, ಪ್ರತ್ಯೇಕ ತಡೆ ಇಲ್ಲದಿದ್ದರೆ, ವಿಳಾಸ ಬಲ್ಲ ಯಾರೂ ತೆರೆಯಬಹುದು. ಕಾನೂನಿನ ತೊಡಕೂ ಇದೆ. ಕಂಪನಿಗಳು ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಇರಿಸಬೇಕೆಂದು 2014ರ ಕಂಪನಿ ಲೆಕ್ಕಪತ್ರ ನಿಯಮಗಳು ವಿಧಿಸುತ್ತವೆ. ಪ್ರತಿದಿನವೂ ಬ್ಯಾಕಪ್ ಆಗಬೇಕೆಂಬ ತಿದ್ದುಪಡಿ 2022ರ ಆಗಸ್ಟ್‌ನಲ್ಲಿ ಬಂದಿತು. ಹೋಸ್ಟಿಂಗ್ ಸರ್ವರ್ ಹೊರದೇಶದಲ್ಲಿದ್ದರೆ ಅಲ್ಲಿಟ್ಟ ಪ್ರತಿ ಈ ನಿಯಮಕ್ಕೆ ಒಪ್ಪುವುದಿಲ್ಲ. ಕಂಪನಿಯಲ್ಲದ ನೋಂದಾಯಿತ ವರ್ತಕರೂ ಜಿಎಸ್‌ಟಿ ಕಾಯಿದೆಯ 36ನೇ ಪ್ರಕರಣದಂತೆ, ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಹೋಸ್ಟಿಂಗ್ ಶುಲ್ಕ ಕಟ್ಟಲು ಮರೆತರೆ ಕಳೆದುಹೋಗಬಹುದಾದ ಜಾಗ ಇಂತಹ ದಾಖಲೆಗಳಿಗೆ ತಕ್ಕುದಲ್ಲ.

ಬೀಗದ ಕೈ ಯಾರಲ್ಲಿ?

ಇವೆಲ್ಲಕ್ಕೂ ಮೂಲವಾದ ಪ್ರಶ್ನೆ ಒಡೆತನದ್ದು. ಡೊಮೇನ್ ಹೆಸರು ಮತ್ತು ಹೋಸ್ಟಿಂಗ್ ಖಾತೆಗಳು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯದೇ ಇ-ಮೇಲ್ ವಿಳಾಸದೊಡನೆ ಇರಬೇಕು. ತಾಣ ರೂಪಿಸಿದವರ ಹೆಸರಿನಲ್ಲಿದ್ದರೆ, ಅವರು ವೃತ್ತಿ ಬಿಟ್ಟ ದಿನ ವರ್ಷಗಳಿಂದ ಕಟ್ಟಿದ ವಿಳಾಸವೇ ಕೈತಪ್ಪೀತು. ಮುಖ್ಯ ಪಾಸ್‌ವರ್ಡ್ ಮಾಲೀಕರ ಬಳಿಯೇ ಇರಲಿ. ಗುಮಾಸ್ತರಿಗೆ ದರಪಟ್ಟಿಯ ಫೋಲ್ಡರ್‌ಗಷ್ಟೇ ಸೀಮಿತವಾದ ಪ್ರತ್ಯೇಕ ಖಾತೆ ಸಾಕು. ‘ವೆಬ್ ಡಿಸ್ಕ್’ನಲ್ಲಿ ಇದಕ್ಕೆ ಅವಕಾಶವಿದೆ. ನೌಕರರು ಕೆಲಸ ಬಿಟ್ಟ ದಿನವೇ ಆ ಖಾತೆಯನ್ನು ಮುಚ್ಚಬೇಕು.

ಈ ವ್ಯವಸ್ಥೆ ಅಳವಡಿಸುವ ಮುನ್ನ ಸದಸ್ಯರು ಮೂರು ಕೆಲಸಗಳನ್ನು ಮುಗಿಸುವುದು ಒಳಿತು: ಡೊಮೇನ್ ಮತ್ತು ಹೋಸ್ಟಿಂಗ್ ಯಾರ ಹೆಸರಿನಲ್ಲಿವೆ ಎಂದು ಪರಿಶೀಲಿಸುವುದು, ಇಡೀ ತಾಣದ ಒಂದು ಪ್ರತಿಯನ್ನು, ದತ್ತಸಂಚಯವೂ ಸೇರಿದಂತೆ, ಕಚೇರಿಯ ಪ್ರತ್ಯೇಕ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳುವುದು, ಸಾರ್ವಜನಿಕ ಫೋಲ್ಡರ್‌ನಲ್ಲಿ ಇರಬಾರದ ಕಡತಗಳಿದ್ದರೆ ತೆಗೆಸುವುದು. ಮುಂದಿನ ದರ ಬದಲಾವಣೆ ಯಾವಾಗ ಬಂದರೂ ಆಗ ದರಪಟ್ಟಿಗಾಗಿ ಯಾರನ್ನೂ ಕಾಯಬೇಕಾಗದು.