ಹೈದರನ ಶಾಪ, ಕಬಿನಿಯ ದೋಣಿ

ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯಲು ಹೈದರಾಲಿ ತನ್ನ ಸೈನ್ಯವನ್ನೇ ಇಳಿಸಿದ್ದನಂತೆ. ಆನೆಗಳು ಕೈಗೆ ಸಿಗಲಿಲ್ಲ. ಇಲ್ಲಿ ಯಾರಿಂದಲೂ ಈ ಕೆಲಸ ಆಗದು, ಮಾಡಹೊರಟವರಿಗೆ ತನ್ನ ಶಾಪ ತಟ್ಟಲಿ ಎಂದು ಆತ ಕಲ್ಲಿನಲ್ಲಿ ಕೆತ್ತಿಸಿಟ್ಟ. ನೂರು ವರ್ಷಗಳ ನಂತರವೂ ಆ ಕಲ್ಲು ನಿಂತಿತ್ತು ಎಂದು ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಶಾಪಕ್ಕೆ ಅಂಜದ ಈ ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ, ಅಂದರೆ ಕಾಡಾನೆಗಳನ್ನು ಅಟ್ಟಿ ದೊಡ್ಡಿಗೆ ಕೂಡುವ ಕೆಲಸ, ನಡೆಸಿ ಹಿಂಡುಗಟ್ಟಲೆ ಆನೆ ಹಿಡಿದ.

ಈಗ ರಜೆ ಬಂದರೆ ಗೆಳೆಯರ ಗುಂಪುಗಳು ಹುಣಸೂರು, ಮೈಸೂರು, ಬೆಂಗಳೂರಿನಿಂದ ಎಚ್.ಡಿ. ಕೋಟೆ ದಾಟಿ ಕಾರಾಪುರಕ್ಕೆ ಬರುತ್ತವೆ. ಲೈಫ್ ಜಾಕೆಟ್ ತೊಟ್ಟು, ಕ್ಯಾಮೆರಾ ನೇತುಹಾಕಿಕೊಂಡು ಕಬಿನಿ ಹಿನ್ನೀರಿನಲ್ಲಿ ಆರಾಮಾಗಿ ತೇಲುತ್ತವೆ. ಒಂದು ದಡ ನಾಗರಹೊಳೆ, ಇನ್ನೊಂದು ಬಂಡೀಪುರ. ಹೈದರ್ ಶಪಿಸಿದ ಕಾಕನಕೋಟೆಯ ಸೀಮೆ ಇದೇ ಎಂಬುದು ದೋಣಿಯಲ್ಲಿ ಕೂತವರಲ್ಲಿ ಎಷ್ಟು ಮಂದಿಗೆ ಗೊತ್ತು?

ಕಬಿನಿಯಲ್ಲಿ ಆನೆ ನೋಡುವ ಚಟ ದೋಣಿಗಿಂತ ಹಳೆಯದು. ಮೈಸೂರು ಅರಮನೆಯ ಕಾಲದಲ್ಲಿ ಕಾಕನಕೋಟೆ ಖೆಡ್ಡಾ ದೇಶವಿದೇಶಗಳ ಅತಿಥಿಗಳಿಗಾಗಿ ಏರ್ಪಡುತ್ತಿದ್ದ ದೊಡ್ಡ ಮೇಳ. ಕುರುಬರು ತಮಟೆ, ಬೊಬ್ಬೆ, ಬೆಂಕಿಯೊಂದಿಗೆ ಕಾಡಾನೆಗಳನ್ನು ಹೊಳೆಗೆ ಅಟ್ಟುತ್ತಿದ್ದರು. ಮರಿಗಳನ್ನು ನಡುವೆ ಇಟ್ಟುಕೊಂಡು ಹಿಂಡು ಈಜಿ ದಾಟಿದರೆ ಆಚೆ ದಡದಲ್ಲಿ ಗಟ್ಟಿ ಮರದ ದೊಡ್ಡಿ ಕಾದಿರುತ್ತಿತ್ತು. ಆಮೇಲಿನ ಕೆಲಸ ಪಳಗಿದ ಆನೆಗಳದು, ಮಾವುತರದು. ಅತಿಥಿಗಳು ಅಟ್ಟಣೆಯ ಮೇಲೆ ಕೂತು ಇದನ್ನೆಲ್ಲ ಸವಿಯುತ್ತಿದ್ದರು.

ಹೊಳೆದಂಡೆಯ ಆ ಕಸುಬಿನ ಮನೆಗಳಿಂದಲೇ ಒಬ್ಬ ಹುಡುಗ ಎದ್ದುಬಂದ. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಸಾಬು, ಮಾವುತನ ಮಗ. ಅಪ್ಪ ಬೇಗನೆ ತೀರಿಹೋದ. ಹುಡುಗ ಅರಮನೆಯ ಆನೆಲಾಯದಲ್ಲಿ ಬೆಳೆದ. ಕಿಪ್ಲಿಂಗನ ಕಥೆಯೊಂದನ್ನು ಸಿನಿಮಾ ಮಾಡಲು ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಈ ಹುಡುಗ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ ಅವನೇ ನಾಯಕನಾಗಿದ್ದ ‘ಎಲಿಫೆಂಟ್ ಬಾಯ್’ ತೆರೆಗೆ ಬಂತು. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಹೊತ್ತಿಗೆ ಅವನು ಜಗತ್ತೇ ಬಲ್ಲ ತಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಹಾರಿದ. 1963ರಲ್ಲಿ, ನಲವತ್ತು ತುಂಬುವ ಮೊದಲೇ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಹಾಲಿವುಡ್‌ಗೆ ಇಷ್ಟು ಹತ್ತಿರವಾಗಿದ್ದ ಊರು ನಮ್ಮ ಮೈಸೂರು ಜಿಲ್ಲೆಯಲ್ಲಿ ಬೇರೊಂದಿಲ್ಲ. ಆದರೂ ಕಾರಾಪುರ ಎಂದರೆ ಜನಕ್ಕೆ ನೆನಪಾಗುವುದು ರೆಸಾರ್ಟ್ ಮತ್ತು ಕರಿಚಿರತೆ!

ಖೆಡ್ಡಾ ನಿಂತದ್ದು ಶಾಪದಿಂದಲ್ಲ, ಸಿಮೆಂಟಿನಿಂದ. ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಏಳುತ್ತಿತ್ತು. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ಮುಗಿಯಿತು. 1974ರಲ್ಲಿ ಅಣೆಕಟ್ಟು ಪೂರ್ತಿಯಾಗಿ, ಖೆಡ್ಡಾದ ನೆಲ, ಹಳ್ಳಿಗಳು, ಹೊಲಗದ್ದೆ, ಕಾಡು ಎಲ್ಲವೂ ನೀರಿನಡಿ ಸೇರಿದವು. 1977ರಲ್ಲಿ ಆನೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಅತಿ ಹೆಚ್ಚಿನ ರಕ್ಷಣೆಗೆ, ಏರಿತು.

1980ರಲ್ಲಿ ಕಾಡಿನ ಪ್ರವಾಸಕ್ಕೆಂದು ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿತು. ಮಹಾರಾಜರ ಬೇಟೆ ಬಂಗಲೆಯಿದ್ದ ಕಾರಾಪುರದಲ್ಲಿ ವಸತಿ ತೆರೆಯಿತು. ಎಲ್ಲರೂ ‘ಪಾಪಾ’ ಎನ್ನುತ್ತಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅದಕ್ಕೊಂದು ವ್ಯಕ್ತಿತ್ವ ಕೊಟ್ಟರು. ಒಂದು ಕಾಲದಲ್ಲಿ ತಾವೇ ಬೇಟೆಗಾರರಾಗಿದ್ದ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಹರಿಗೋಲು, ಮೋಟಾರ್ ದೋಣಿಗಳ ವಿಹಾರ ಬೆಳೆದದ್ದು ಈ ವಸತಿಯ ಜೊತೆಯಲ್ಲೇ. ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯಲ್ಲಿ ಎಳೆಹುಲ್ಲು ಚಿಗುರುತ್ತದೆ, ಅದನ್ನು ಮೇಯಲು ನೂರಾರು ಆನೆಗಳು ಬರುತ್ತವೆ. ಅಟ್ಟಲು ಯಾರೂ ಬೇಕಿಲ್ಲ. ಮುಳುಗಿದ ಕಾಡಿನ ಒಣ ಬೊಡ್ಡೆಗಳೂ ಆಗಲೇ ತಲೆ ಎತ್ತುತ್ತವೆ. ಅವುಗಳ ಮೇಲೆ ನೀರುಕಾಗೆ ಕೂತರೆ ಫೋಟೊ, ಇಲ್ಲದಿದ್ದರೆ ಬರೀ ಕಟ್ಟಿಗೆ.

ಖೆಡ್ಡಾದ ಅಟ್ಟಣೆಗಿಂತ ದೋಣಿ ಸಾವಿರ ಪಾಲು ಮೇಲು. ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಡಲು ಬಂದವರಿಗೆ ಬರೀ ಆನೆ, ಹುಲಿ ತೋರಿಸಿ ಕಳಿಸುವುದು ಅರೆಬರೆ ಆತಿಥ್ಯ. ಈ ನೀರಿಗಾಗಿ ಹೊಲಮನೆ ಬಿಟ್ಟವರ ಮಕ್ಕಳು, ಕಾಡಿನಿಂದ ಹೊರಬಂದ ಜೇನುಕುರುಬರು ಇದೇ ತಾಲ್ಲೂಕಿನಲ್ಲಿದ್ದಾರೆ. ದೋಣಿ ಹೊರಡುವ ಮುನ್ನ ಐದು ನಿಮಿಷ ಅವರಲ್ಲೊಬ್ಬರು ಮುಳುಗಿದ ಊರುಗಳ ಕಥೆ ಹೇಳಲಿ. ದೋಣಿಕಟ್ಟೆಯ ಬಳಿ ಸಾಬುವಿನದೊಂದು ಚಿತ್ರವಿರಲಿ. ಟಿಕೆಟ್ ದರ ಇದಕ್ಕಾಗಿ ಹೆಚ್ಚಿಸಬೇಕಾಗಿಯೂ ಇಲ್ಲ.