ತಂಗಿ ಮದುವೆಗೆ ನಾನೇ ವಿಡಿಯೋಗ್ರಾಫರ್!

ಚಿಕ್ಕಪ್ಪನ ಮಗಳ ಮದುವೆ. ‘ಹೇಗೂ ನಿನ್ನ ಹತ್ರ ಕ್ಯಾಮೆರಾ ಇದೆಯಲ್ಲೋ, ವಿಡಿಯೋ ನೀನೇ ಮಾಡ್ಬಿಡು’ ಅಂದರು ಚಿಕ್ಕಪ್ಪ. ಕೋಡ್ ಬರೆಯೋನಿಗೆ ಇದ್ಯಾವ ಲೆಕ್ಕ ಅಂತ ಒಪ್ಪಿಕೊಂಡೆ. ಯೂಟ್ಯೂಬ್ ನೋಡಿ ತಯಾರಿಯೂ ಆಯ್ತು. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಶಟರ್ ಸ್ಪೀಡ್ 1/50 ಇಟ್ಟರೆ ಛತ್ರದ ಟ್ಯೂಬ್‌ಲೈಟ್ ವಿಡಿಯೋದಲ್ಲಿ ಮಿಣುಕಲ್ಲ. ಗಟ್ಟಿಮೇಳಕ್ಕೆ ಮೊದಲೇ ಮೈಕ್ ಲೆವೆಲ್ ಇಳಿಸದಿದ್ದರೆ ನಾದಸ್ವರ ಒಡೆದುಹೋಗುತ್ತೆ.

ಗೊತ್ತಿಲ್ಲದ್ದು ಒಂದೇ: ನನ್ನ ಹಳೇ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ತಾನಾಗೇ ರೆಕಾರ್ಡಿಂಗ್ ನಿಲ್ಲಿಸುತ್ತೆ. ಅಂತರಪಟ ಸರಿಯುವ ಹೊತ್ತಿಗೇ ನಿಂತಿತ್ತು. ಮತ್ತೆ ಒತ್ತುವಷ್ಟರಲ್ಲಿ ಜೀರಿಗೆ-ಬೆಲ್ಲ ತಲೆ ಮೇಲೆ ಬಿದ್ದಾಗಿತ್ತು. ತಾಳಿ ಕಟ್ಟಿದ್ದು ಸಿಕ್ತು, ನನ್ನ ಪುಣ್ಯ.

ಲಾಜಾಹೋಮಕ್ಕೆ ಪುರೋಹಿತರು ‘ಹುಡುಗಿ ಅಣ್ಣ ಎಲ್ಲಿ?’ ಅಂದರು. ಅವಳಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಅರಳು ಹಾಕಬೇಕಾದವನು ನಾನೇ! ಅಕ್ಕನ ಮಗನ ಕೈಗೆ ಕ್ಯಾಮೆರಾ ಕೊಟ್ಟು ಓಡಿದೆ. ಅವನಿಗಿನ್ನೂ ಒಂಬತ್ತು ವರ್ಷ.

ಮನೆಗೆ ಬಂದು ನೋಡಿದರೆ ಅವನು ತೆಗೆದದ್ದರಲ್ಲಿ ಅರ್ಧ ಬರೀ ಕಾಲುಗಳು. ಆಮೇಲೆ ಹೊಗೆ, ಅರಳು ಹಾಕುವ ನನ್ನ ಕೈ. ಫ್ರೇಮಿನ ಅಂಚಿನಲ್ಲಿ ಕಂಬಕ್ಕೊರಗಿ, ಶಲ್ಯದ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಚಿಕ್ಕಪ್ಪ. ನಾನು ಮೂರು ಗಂಟೆ ತೆಗೆದದ್ದರಲ್ಲಿ ಅವರು ಅತ್ತಿದ್ದು ಎಲ್ಲೂ ಇಲ್ಲ. ನಾನು ಫೋಕಸ್ ನೋಡ್ತಾ ಇದ್ದೆ.

ಎಡಿಟ್ ಮಾಡುವಾಗ ಆ ಅಲುಗಾಟ ಸರಿಮಾಡಲು ಸ್ಟೆಬಿಲೈಸ್ ಹಾಕಿದೆ. ಅಂಚು ಕ್ರಾಪ್ ಆಗಿ ಚಿಕ್ಕಪ್ಪನೇ ಮಾಯ! ತೆಗೆದುಬಿಟ್ಟೆ.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ‘ಅಣ್ಣಾ, ಪೂರ್ತಿ ವಿಡಿಯೋ ಆಮೇಲೆ ನೋಡ್ತೀನಿ. ಆ ಅಲ್ಲಾಡೋ ತುಂಡು ಮಾತ್ರ ವಾಟ್ಸಾಪ್ ಮಾಡು.’