ಹೆಗ್ಗೋಡು: ಪ್ರೇಕ್ಷಕರನ್ನು ಬೆಳೆಸಿದ ಊರು

ಶಿವಮೊಗ್ಗೆಯಿಂದ ಆನಂದಪುರದ ಮಾರ್ಗವಾಗಿ ಸಾಗರದ ಕಡೆಗೆ ಬರುವ ಪಯಣಿಗನ ಮನಸ್ಸಿನಲ್ಲಿ, ಬಯಲುಸೀಮೆಯ ಚಿಹ್ನೆಗಳು ಹಿಂದೆ ಸರಿದು ಮಲೆನಾಡಿನ ಹಸುರು ಎರಡು ಪಾರ್ಶ್ವಗಳಲ್ಲಿಯೂ ಒತ್ತಾಗಿ ಬರುತ್ತಿರುವಂತೆ, ಈ ಪ್ರಾಂತದಲ್ಲಿ ನೋಡತಕ್ಕ ಸ್ಥಳಗಳ ಪಟ್ಟಿಯೊಂದು ತಾನಾಗಿಯೆ ಸಿದ್ಧವಾಗುತ್ತದೆ: ಜೋಗದ ಜಲಪಾತ, ಇಕ್ಕೇರಿಯ ಅಘೋರೇಶ್ವರ ದೇವಾಲಯ, ಕೆಳದಿ, ಶರಾವತಿಯ ಹಿನ್ನೀರು. ಆ ಪಟ್ಟಿಯಲ್ಲಿ ಹೆಗ್ಗೋಡಿಗೆ ಸ್ಥಾನ ದೊರೆಯುವುದಾದರೆ ಅದು ಪ್ರಕೃತಿಸೌಂದರ್ಯದ ದೆಸೆಯಿಂದಲ್ಲ. ಪುರಾತನ ಶಿಲ್ಪದ ದೆಸೆಯಿಂದಲೂ ಅಲ್ಲ. ಸಾಗರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯೊಳಗೆ ತಲಪಬಹುದಾದ ಈ ಊರು, ಅಡಕೆಯ ತೋಟಗಳ ನಡುನಡುವೆ ಚದುರಿ ನಿಂತ ಮನೆಗಳು, ಕೆಲವು ಅಂಗಡಿಗಳು, ಒಂದು ದೇವಸ್ಥಾನ, ಇಷ್ಟರಿಂದಲೇ ಕೂಡಿದ ಸಾಧಾರಣ ಗ್ರಾಮ. ಗುರುತು ಹೇಳುವವರಿಲ್ಲದಿದ್ದರೆ ಪ್ರಯಾಣಿಕನು ಇದನ್ನು ಗಮನಿಸದೆಯೆ ದಾಟಿ ಹೋಗಬಹುದು. ಆದರೂ ಕನ್ನಡ ರಂಗಭೂಮಿಯ ಈಚಿನ ಚರಿತ್ರೆಯನ್ನು ಬರೆಯಲು ಕುಳಿತವನು ಬೆಂಗಳೂರನ್ನೂ ಮೈಸೂರನ್ನೂ ಧಾರವಾಡವನ್ನೂ ಹೆಸರಿಸಿದ ಉಸಿರಿನಲ್ಲಿಯೆ ಹೆಗ್ಗೋಡನ್ನೂ ಹೆಸರಿಸದೆ ಇರಲಾರನು.

ಗ್ರಾಮೀಣ ಕಲಾವಿದರಿಗೆ ನೆರವಾಗಬೇಕೆಂಬ ಮಾತನ್ನು ನಾವು ಸಭೆ ಸಮಾರಂಭಗಳಲ್ಲಿ ಅನೇಕ ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಆ ನೆರವು ಬಹುಮಟ್ಟಿಗೆ ಒಂದು ಶಾಲು, ಒಂದು ಫಲಕ, ಒಂದು ಅಲ್ಪ ಮಾಸಾಶನ, ನಗರದ ಮೆರವಣಿಗೆಯೊಂದರಲ್ಲಿ ಕೆಲವು ನಿಮಿಷಗಳ ಅವಕಾಶ, ಇವುಗಳಲ್ಲಿಯೆ ಪರ್ಯವಸಾನವಾಗುತ್ತದೆ. ಮಾಸಾಶನವು ಬೇಡವೆಂದು ಯಾರೂ ಹೇಳಲಾರರು. ವೃದ್ಧಾಪ್ಯದಲ್ಲಿ ಅದು ಅನ್ನವೇ ಸರಿ. ಆದರೆ ಕಲಾವಿದನನ್ನು ಕಲಾವಿದನಾಗಿ ಬದುಕಿಸತಕ್ಕದ್ದು ಅವನ ಕಲೆಯನ್ನು ನೋಡಿ, ತೂಗಿ, ಮೆಚ್ಚಿ, ಒಮ್ಮೊಮ್ಮೆ ಮೆಚ್ಚದೆಯೂ ಇರಬಲ್ಲ ಸಹೃದಯ ಸಮುದಾಯ. ಹೆಗ್ಗೋಡಿನವರು ಕೈಕೊಂಡದ್ದು ಆ ಸಮುದಾಯವನ್ನು ನಿರ್ಮಿಸುವ ಕೆಲಸವನ್ನು.

ಭಾರತವು ಸ್ವತಂತ್ರವಾದ ಎರಡು ವರ್ಷಗಳ ತರುವಾಯ, 1949ರಲ್ಲಿ, ಊರಿನ ಬೆಳೆಗಾರರೂ ತರುಣರೂ ಕೂಡಿ ಸ್ಥಾಪಿಸಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಇಂದು ‘ನೀನಾಸಂ’ ಎಂಬ ಹ್ರಸ್ವನಾಮದಿಂದ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಹಗಲು ತೋಟದಲ್ಲಿ ದುಡಿದು ರಾತ್ರಿ ಬಣ್ಣ ಹಚ್ಚುತ್ತಿದ್ದ ಅಂತಹ ಸಂಘಗಳು ಆ ಕಾಲದಲ್ಲಿ ಮಲೆನಾಡಿನ ಹಲವೂರುಗಳಲ್ಲಿ ಹುಟ್ಟಿ, ಕೆಲವು ವರ್ಷ ಬಾಳಿ, ಸದ್ದಿಲ್ಲದೆ ಅಳಿದುಹೋದುವು. ಇದೊಂದು ಅಳಿಯದೆ ಉಳಿದು ಬೆಳೆದುದಕ್ಕೆ ಮುಖ್ಯ ಕಾರಣರಾದವರು ಕೆ. ವಿ. ಸುಬ್ಬಣ್ಣನವರು. 1932ರಲ್ಲಿ ಜನಿಸಿದ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕುವೆಂಪು ಅವರ ಶಿಷ್ಯರಾಗಿ ವಿದ್ಯಾಭ್ಯಾಸವನ್ನು ಮುಗಿಸಿದ ಮೇಲೆ, ಅಂದಿನ ಪದವೀಧರರಿಗೆ ನಗರದಲ್ಲಿ ಸುಲಭವಾಗಿ ಒದಗುತ್ತಿದ್ದ ಉದ್ಯೋಗಗಳ ಕಡೆಗೆ ತಿರುಗದೆ, ತಮ್ಮ ಊರಿನ ತೋಟಕ್ಕೆ ಮರಳಿದರು. ಮರಳಿ ಬಂದು, ಕೃಷಿಯೊಡನೆ ಅಕ್ಷರ ಪ್ರಕಾಶನವೆಂಬ ಗ್ರಂಥಪ್ರಕಟನ ಸಂಸ್ಥೆಯನ್ನೂ ಆರಂಭಿಸಿದರು. ಗೋಪಾಲಕೃಷ್ಣ ಅಡಿಗರು ಸಂಪಾದಿಸಿದ ‘ಸಾಕ್ಷಿ’ಯು ಈ ಪ್ರಕಾಶನದ ಆಸರೆಯಲ್ಲಿ ಪ್ರಕಟವಾಯಿತೆಂಬುದನ್ನು ನೆನೆದರೆ, ನವ್ಯಸಾಹಿತ್ಯದ ಗಂಭೀರ ಸಂವಾದಗಳು ರಾಜಧಾನಿಯಿಂದ ಎಷ್ಟೋ ದೂರದ ಈ ತೋಟದ ಮನೆಗಳಲ್ಲಿಯೂ ನಡೆದಿರಬೇಕೆಂಬುದನ್ನು ಊಹಿಸಬಹುದು.

1972ರಲ್ಲಿ ಇಲ್ಲಿ ಶಿವರಾಮ ಕಾರಂತ ರಂಗಮಂದಿರವು ಸಿದ್ಧವಾಯಿತು. ಊರಿನ ಜನಸಂಖ್ಯೆಗೆ ಹೋಲಿಸಿದರೆ ಅತಿಯಾಯಿತೆಂದು ತೋರುವಷ್ಟು ವಿಶಾಲವಾದ ಆ ಕಟ್ಟಡವನ್ನು ಕಟ್ಟಿಸಿದವರು, ಇಂದು ಬರುವವರಿಗಾಗಿ ಮಾತ್ರವಲ್ಲದೆ ಮುಂದೆ ಬರಲಿರುವವರಿಗಾಗಿಯೂ ಆಸನಗಳನ್ನು ಎಣಿಸಿರಬೇಕು. ಅಡಕೆಯ ಸಸಿಯನ್ನು ನೆಟ್ಟವನು ಫಲಕ್ಕಾಗಿ ವರ್ಷಗಟ್ಟಳೆ ಕಾಯುವಂತೆ ಪ್ರೇಕ್ಷಕನಿಗಾಗಿಯೂ ಕಾಯಬೇಕೆಂಬುದನ್ನು ತೋಟಗಾರರಾದ ಇವರಿಗೆ ಬೇರೆ ಯಾರೂ ಬೋಧಿಸಬೇಕಾಗಿರಲಿಲ್ಲ. ಮರುವರ್ಷವೇ ಚಿತ್ರಸಮಾಜವು ಹುಟ್ಟಿ, ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಮೊದಲಾದವರ ಚಲನಚಿತ್ರಗಳು ಮಲೆನಾಡಿನ ಹಳ್ಳಿಗರ ಮುಂದೆ ತೆರೆಯ ಮೇಲೆ ಮೂಡಿದುವು. ಹಳ್ಳಿಯವರಿಗೆ ಇವು ಅರ್ಥವಾದಾವೆ ಎಂಬ ಪ್ರಶ್ನೆಯನ್ನು ನಗರದ ವಿದ್ವಾಂಸರು ಕೇಳಿಯೇ ಕೇಳಿದರು. ಆ ಪ್ರಶ್ನೆಯಲ್ಲಿಯೆ ಅಡಗಿದ್ದ ತಾತ್ಸಾರವನ್ನು ಸುಬ್ಬಣ್ಣನವರು ಒಪ್ಪಲಿಲ್ಲ. ಯಕ್ಷಗಾನದ ಆಟವನ್ನೂ ತಾಳಮದ್ದಳೆಯ ಅರ್ಥವನ್ನೂ ಇರುಳೆಲ್ಲ ಕುಳಿತು ಕೇಳಿ, ಇಂತಹ ಅರ್ಥಧಾರಿ ಇಂತಹ ಪ್ರಸಂಗದಲ್ಲಿ ಹೇಗೆ ವಾದಿಸಿದನೆಂಬುದನ್ನು ಮರುದಿನ ಮನೆಯ ಜಗಲಿಯಲ್ಲಿ ಚರ್ಚಿಸುವ ಜನರಿಗೆ ರಸಗ್ರಹಣದ ಶಕ್ತಿಯಿಲ್ಲವೆಂದು ಹೇಳುವುದು ಹೇಗೆ? 1979ರಲ್ಲಿ ಪುಣೆಯ ತಜ್ಞರ ಸಹಕಾರದಿಂದ ಇಲ್ಲಿಯೆ ಚಲನಚಿತ್ರ ರಸಗ್ರಹಣದ ಶಿಬಿರವೂ ನಡೆಯಿತು.

ಮರುವರ್ಷ, 1980ರಲ್ಲಿ, ನೀನಾಸಂ ರಂಗಶಿಕ್ಷಣ ಕೇಂದ್ರವು ಪ್ರಾರಂಭವಾಯಿತು. ಪ್ರತಿ ವರ್ಷವೂ ಕರ್ನಾಟಕದ ನಾನಾ ಜಿಲ್ಲೆಗಳಿಂದ ಬರುವ ತರುಣ ತರುಣಿಯರ ಸಣ್ಣ ತಂಡವೊಂದು ಇಲ್ಲಿ ವಾಸವಾಗಿದ್ದು, ಅಭಿನಯ, ಗಾಯನ, ವೇಷಭೂಷಣ, ಬೆಳಕು, ರಂಗಸಜ್ಜಿಕೆ, ನಾಟಕಸಾಹಿತ್ಯ ಎಲ್ಲವನ್ನೂ ಕಲಿಯುತ್ತದೆ. ಇವರಲ್ಲಿ ಬಹುಮಂದಿ ಗ್ರಾಮಗಳಿಂದ ಬಂದವರು. ಮನೆಯಲ್ಲಿ ನಾಟಕದ ಪುಸ್ತಕವೇ ಇಲ್ಲದವರೂ ಉಂಟು. ಕಲಿತವರಲ್ಲಿ ಕೆಲವರು ಅನಂತರ ಚಲನಚಿತ್ರರಂಗವನ್ನು ಪ್ರವೇಶಿಸಿದರು; ಅಚ್ಯುತ್ ಕುಮಾರ್ ಅವರನ್ನೂ, ಸಂಸ್ಥೆಯ ಹೆಸರನ್ನೇ ತಮ್ಮ ಹೆಸರಿನೊಡನೆ ಧರಿಸಿರುವ ಸತೀಶ್ ನೀನಾಸಂ ಅವರನ್ನೂ ಕನ್ನಡ ಪ್ರೇಕ್ಷಕರೆಲ್ಲ ಬಲ್ಲರು. ನಗರದ ಆಕರ್ಷಣೆಗೆ ಶಿಷ್ಯರು ಸೋತರೆಂದು ಆಕ್ಷೇಪಿಸುವವರಿದ್ದಾರೆ. ನನಗೆ ಆ ಆಕ್ಷೇಪಣೆ ಸಾಧುವೆಂದು ತೋರುವುದಿಲ್ಲ. ಬಡ ಮನೆಯಿಂದ ಬಂದ ನಟನೊಬ್ಬನು ತನ್ನ ವಿದ್ಯೆಯಿಂದ ಜೀವನವನ್ನು ಕಟ್ಟಿಕೊಂಡನಾದರೆ ಅದು ಸಂತೋಷಪಡತಕ್ಕ ವಿಷಯ.

ಆದರೆ ಕಲಿತವರಿಗೆಲ್ಲ ನಗರವೇ ಗತಿಯಾಗಬಾರದೆಂಬ ಚಿಂತೆ ಸಂಸ್ಥೆಗೆ ಮೊದಲಿಂದಲೂ ಇದ್ದಿತು. ಅದಕ್ಕೆ ಉತ್ತರವಾಗಿ 1985ರಲ್ಲಿ ಹೊರಟದ್ದು ‘ತಿರುಗಾಟ’. ಹೆಸರು ಯಕ್ಷಗಾನ ಮೇಳಗಳವರದು; ಕ್ರಮವೂ ಒಂದರ್ಥದಲ್ಲಿ ಅವರದೇ. ಮಳೆಗಾಲದಲ್ಲಿ ನಟವರ್ಗವು ಹೆಗ್ಗೋಡಿನಲ್ಲಿ ನೆಲಸಿ ನಾಟಕಗಳನ್ನು ಅಭ್ಯಾಸಮಾಡುತ್ತದೆ. ಮಳೆ ನಿಂತು ಗದ್ದೆಗಳ ನೀರು ಇಳಿದ ಮೇಲೆ, ರಂಗಪರಿಕರಗಳನ್ನೂ ದೀಪಗಳನ್ನೂ ತನ್ನ ವಾಹನದಲ್ಲಿಯೆ ಹೇರಿಕೊಂಡು ಸಂಚಾರಕ್ಕೆ ಹೊರಡುತ್ತದೆ. ಸಂಜೆ ಪಾತ್ರವನ್ನು ವಹಿಸುವ ನಟನೇ ಮಧ್ಯಾಹ್ನ ಪೆಟ್ಟಿಗೆಗಳನ್ನು ಇಳಿಸುತ್ತಾನೆ, ಪರದೆಯನ್ನು ಕಟ್ಟುತ್ತಾನೆ, ಆಟ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಮುಂದಿನ ಊರಿಗೆ ಸಿದ್ಧಪಡಿಸುತ್ತಾನೆ. ಕಾಲೇಜಿನ ಸಭಾಂಗಣ, ಕಲ್ಯಾಣಮಂಟಪ, ಶಾಲೆಯ ಬಯಲು, ದೇವಸ್ಥಾನದ ಮುಂದಿನ ಚಪ್ಪರ, ಯಾವುದು ದೊರೆತರೆ ಅದೇ ರಂಗಸ್ಥಳ. ಒಂದು ಋತುವಿನಲ್ಲಿ ನೂರಕ್ಕೂ ಮಿಕ್ಕಿದ ಪ್ರದರ್ಶನಗಳು ಈ ವಿಧವಾಗಿ ಕರ್ನಾಟಕದ ಉದ್ದಗಲಕ್ಕೂ ನಡೆದುಹೋಗುತ್ತವೆ. ಕಾಳಿದಾಸ, ಶೇಕ್ಸ್‌ಪಿಯರ್, ಬ್ರೆಕ್ಟ್, ಕಾರ್ನಾಡ, ಕಂಬಾರರ ಕೃತಿಗಳು ತಾಲ್ಲೂಕು ಕೇಂದ್ರಗಳ ಕನ್ನಡಿಗರಿಗೆ ಪರಿಚಿತವಾದುದರಲ್ಲಿ ತಿರುಗಾಟದ ಪಾಲು ದೊಡ್ಡದು.

ಈ ಏರ್ಪಾಟಿನಲ್ಲಿ ಎರಡು ಸಂಗತಿಗಳನ್ನು ನಾನು ವಿಶೇಷವಾಗಿ ಗೌರವಿಸುತ್ತೇನೆ. ಕಲಾವಿದನಿಗೆ ಋತುವಿನುದ್ದಕ್ಕೂ ವೇತನವಿದೆ. ಅವನು ದಾನವನ್ನು ಸ್ವೀಕರಿಸುವವನಲ್ಲ, ದುಡಿದು ಗಳಿಸುವವನು. ಇನ್ನೊಂದು, ಪ್ರದರ್ಶನವನ್ನು ಆಹ್ವಾನಿಸುವ ಊರಿನವರ ಹೊಣೆ. ಅಧ್ಯಾಪಕರೋ ಅಂಗಡಿಕಾರರೋ ಬ್ಯಾಂಕಿನ ನೌಕರರೋ ಆಗಿರುವ ಹತ್ತಾರು ಮಂದಿ ಕೂಡಿ, ಮನೆಮನೆಗೆ ಹೋಗಿ ಟಿಕೆಟ್ಟುಗಳನ್ನು ಮಾರಿ, ನಟರ ಊಟ ವಸತಿಗಳನ್ನು ನೋಡಿಕೊಳ್ಳದಿದ್ದರೆ ತಿರುಗಾಟವು ಆ ಊರನ್ನು ಮುಟ್ಟುವುದಿಲ್ಲ. ನಾಟಕ ಬರುವುದಕ್ಕೆ ಮೊದಲೇ ನಾಟಕಕ್ಕಾಗಿ ಶ್ರಮಿಸಿದ ಜನರಿರುವ ಊರಿನಲ್ಲಿ ಪ್ರೇಕ್ಷಕನ ಕುಳಿತ ಭಂಗಿಯೇ ಬೇರೆ.

ಇದೇ ದಶಕದಲ್ಲಿ ‘ಜನಸ್ಪಂದನ’ವೆಂಬ ಯೋಜನೆಯ ಮೂಲಕ ಸಂಸ್ಥೆಯು ಇತರ ಗ್ರಾಮಗಳಿಗೆ ತಾನೇ ಹೋಗಿ ಅಲ್ಲಿನವರಿಂದಲೇ ನಾಟಕಗಳನ್ನು ಆಡಿಸಿತು. ಆಗ ನಡೆದ ಒಂದು ಪ್ರಯೋಗವನ್ನು ಇಲ್ಲಿ ಹೇಳದಿರಲಾರೆ. ಉತ್ತರಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಅರಣ್ಯಪ್ರದೇಶದಲ್ಲಿ ಶತಮಾನಗಳಿಂದ ವಾಸವಾಗಿರುವ ಸಿದ್ದಿ ಜನರು ಆಫ್ರಿಕಾ ಮೂಲದವರು. ದಮಾಮಿ ಎಂಬ ವಾದ್ಯವೂ ಅದರೊಡನೆ ಬೆಸೆದ ಹಾಡು ಕುಣಿತಗಳೂ ಅವರ ಸಂಪತ್ತು. ಚಿದಂಬರರಾವ್ ಜಂಬೆಯವರು ನೈಜೀರಿಯಾದ ಚಿನುವಾ ಅಚಿಬೆಯವರ ಕಾದಂಬರಿಯ ಕನ್ನಡ ರಂಗರೂಪವನ್ನು ಮಂಚಿಕೇರಿಯ ಪರಿಸರದ ಸಿದ್ದಿಗಳಿಂದಲೇ ಆಡಿಸಿದರು. ಪೂರ್ವಜರ ಖಂಡದಲ್ಲಿ ಹುಟ್ಟಿದ ಕಥೆಯೊಂದು, ಆ ಖಂಡವನ್ನು ಕಂಡರಿಯದ ಅವರ ಸಂತತಿಯ ಬಾಯಿಂದ, ಕನ್ನಡದಲ್ಲಿ ಹೊರಟಿತು. ಸುತ್ತಲಿನ ಸಮಾಜವು ಕೂಲಿಯಾಳುಗಳಾಗಿ ಮಾತ್ರ ಕಂಡಿದ್ದ ಜನರನ್ನು ಪ್ರೇಕ್ಷಕರು ಅಂದು ರಂಗದ ಮೇಲೆ ನಾಯಕರಾಗಿ ಕಂಡರು. ಮುಂದೆ ಸಿದ್ದಿ ಸಮುದಾಯದಿಂದ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿಯಂತಹ ನಟರು ಕನ್ನಡ ರಂಗಭೂಮಿಗೂ ಚಲನಚಿತ್ರಕ್ಕೂ ಬಂದರು.

ಹಳ್ಳಿಯಿಂದ ನಗರಕ್ಕೆ ಹರಿಯುವ ಪ್ರವಾಹ ಎಲ್ಲೆಡೆಯೂ ಇದ್ದದ್ದೇ. ಹೆಗ್ಗೋಡಿನ ವೈಶಿಷ್ಟ್ಯವು ನಗರವನ್ನು ಹಳ್ಳಿಗೆ ಬರಮಾಡಿಕೊಂಡುದರಲ್ಲಿದೆ. ಮೊದಲು ಹೇಳಿದ ಚಲನಚಿತ್ರ ಶಿಬಿರವೇ ವಿಕಾಸಗೊಂಡು ಇಂದು ಅಕ್ಟೋಬರಿನ ಸುಮಾರಿನಲ್ಲಿ ನಡೆಯುವ ಸಂಸ್ಕೃತಿ ಶಿಬಿರವಾಗಿದೆ. ಯು. ಆರ್. ಅನಂತಮೂರ್ತಿ, ಕೀರ್ತಿನಾಥ ಕುರ್ತಕೋಟಿ, ಡಿ. ಆರ್. ನಾಗರಾಜ ಮೊದಲಾದವರು ಇಲ್ಲಿಗೆ ಬಂದು ದಿನಗಟ್ಟಳೆ ತಂಗಿ ಉಪನ್ಯಾಸಗಳನ್ನಿತ್ತು ಚರ್ಚಿಸಿದ್ದಾರೆ. ಬೆಂಗಳೂರಿನ ತಂತ್ರಜ್ಞನೂ ಹೊಸನಗರದ ಕೃಷಿಕನೂ ರಾಯಚೂರಿನ ಶಾಲಾಶಿಕ್ಷಕಿಯೂ ಒಂದೇ ಪಂಕ್ತಿಯಲ್ಲಿ ಉಂಡು, ಹಗಲು ವಿಚಾರಗಳನ್ನು ಕೇಳಿ, ಸಂಜೆ ತಿರುಗಾಟದ ಹೊಸ ನಾಟಕಗಳನ್ನು ನೋಡಿ, ಮರುದಿನ ಬೆಳಗ್ಗೆ ಅವುಗಳ ಗುಣದೋಷಗಳನ್ನು ವಿವೇಚಿಸುತ್ತಾರೆ. ಹೀಗೆ ಒಡನೆ ಕುಳಿತು ಭಿನ್ನಾಭಿಪ್ರಾಯವನ್ನು ಆಡುವ ಅವಕಾಶವು ಗ್ರಾಮ ನಗರಗಳ ನಡುವೆ ಈಗ ಬೇರೆಲ್ಲಿ ಉಳಿದಿದೆಯೊ ಕಾಣೆ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಈ ಊರಿನ ಕಡೆಗೆ ತಿರುಗಿ ನೋಡಿತು. 2005ರಲ್ಲಿ ಅವರು ತೀರಿಕೊಂಡ ಮೇಲೆಯೂ ಅವರ ಪುತ್ರರಾದ ಕೆ. ವಿ. ಅಕ್ಷರ ಮತ್ತು ಸಂಗಡಿಗರ ದೆಸೆಯಿಂದ ಕೆಲಸವು ನಿಲ್ಲದೆ ಸಾಗಿದೆ.

ನಾಟಕದ ಊರೆಂದು ಹೋದವನು ಸಮೀಪದ ಭೀಮನಕೋಣೆಗೆ ಕಾಲಿಡದೆ ಮರಳಬಾರದು. ರಂಗನಿರ್ದೇಶಕ ಪ್ರಸನ್ನ ಅವರು ಈ ಸೀಮೆಯಲ್ಲಿ ನೆಲಸಿದ ಮೇಲೆ, ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ‘ಚರಕ’ವೆಂಬ ಮಹಿಳಾ ಸಹಕಾರ ಸಂಘವು ಇಲ್ಲಿ ಹುಟ್ಟಿತು. ಸುತ್ತಮುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಇಲ್ಲಿ ಕೈಮಗ್ಗದಲ್ಲಿ ನೇಯುತ್ತಾರೆ, ಬಣ್ಣ ಕಟ್ಟುತ್ತಾರೆ, ಹೊಲಿಯುತ್ತಾರೆ, ಲೆಕ್ಕವನ್ನೂ ಬರೆಯುತ್ತಾರೆ. ಬಣ್ಣವು ಸಸ್ಯಜನ್ಯವಾದದ್ದು. ಮಲೆನಾಡಿನಲ್ಲಿ ಸುಲಿದ ಹಸಿ ಅಡಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಗಾಢವಾದ ಕೆಂಪು ರಸಕ್ಕೆ ಚೊಗರು ಎಂದು ಹೆಸರು. ಬೆಳೆಗಾರನಿಗೆ ಬೇಯಿಸಿದ ಮೇಲೆ ಮಿಕ್ಕಿದ ಈ ವಸ್ತುವೇ ಇಲ್ಲಿ ನೂಲಿಗೆ ಮಣ್ಣಿನ ಕೆಂಪನ್ನು ಕೊಡುತ್ತದೆ. ಈ ಬಟ್ಟೆಗಳು ‘ದೇಸಿ’ ಎಂಬ ಮಳಿಗೆಗಳ ಮೂಲಕ ನಗರವಾಸಿಗಳ ಮೈಮೇಲೆ ಬಂದುವು.

ಹಳ್ಳಿಯ ನೇಯುವವರಿಗೂ ನಗರದ ಕೊಳ್ಳುವವರಿಗೂ ನಡುವಣ ಈ ಸಂಬಂಧವು ಸುಸೂತ್ರವಾಗಿ ನಡೆದಿದೆಯೆಂದು ಹೇಳುವುದು ಸತ್ಯವಾಗಲಾರದು. ಯಂತ್ರದ ಮಗ್ಗವು ಅಗ್ಗವಾಗಿ ನೇಯ್ದದ್ದನ್ನು ಕೈಮಗ್ಗವೆಂದೇ ಮಾರುವ ವರ್ತಕರೊಡನೆ ಈ ಹೆಣ್ಣುಮಕ್ಕಳು ಸ್ಪರ್ಧಿಸಬೇಕಾಗಿದೆ. ಕೈಯಿಂದ ಮಾಡಿದ ವಸ್ತುಗಳ ಮೇಲೆ ತೆರಿಗೆ ಕೂಡದೆಂದು 2017ರಲ್ಲಿ ಪ್ರಸನ್ನರು ಸತ್ಯಾಗ್ರಹವನ್ನೇ ಹೂಡಿದರು. ಮಹಾಮಾರಿಯ ವರ್ಷವಾದ 2020ರಲ್ಲಿ ನೇಯ್ದ ಬಟ್ಟೆ ಮಾರಾಟವಾಗದೆ ಸಂಸ್ಥೆಯು ಕಠಿಣವಾದ ಸಂಕಟಕ್ಕೆ ಸಿಲುಕಿತು. ಗ್ರಾಮದ ಕಲೆಯನ್ನು ವೇದಿಕೆಯ ಮೇಲೆ ಹೊಗಳುವ ನಾವು, ಅಂಗಡಿಯಲ್ಲಿ ಕೈಮಗ್ಗದ ಅಂಗಿಯ ಬೆಲೆಯನ್ನು ಕೇಳಿ ಹಿಂಜರಿಯುವಾಗ, ಆ ಬೆಲೆಯೊಳಗೆ ಎಷ್ಟು ಮಂದಿಯ ಕೂಲಿಯಿದೆಯೆಂಬುದನ್ನು ಎಣಿಸಿ ನೋಡಬೇಕು.

ಇದೇ ಸಾಗರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರದ ವಿಷಯವೂ ಹೀಗೆಯೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ, ಅಳತೆಗೋಲಿಲ್ಲದೆ ಎಳೆಯುವ ಆ ಗೆರೆಗಳ ನಿಷ್ಕೃಷ್ಟತೆಯನ್ನು ನೋಡಿದವನು ಬೆರಗಾಗದೆ ಇರಲಾರನು. ಮದುವೆಯ ಮನೆಯ ಗೋಡೆಗೆ ಮೀಸಲಾಗಿದ್ದ ಚಿತ್ತಾರವು ಈಗ ಕಾಗದಕ್ಕೂ ಬಟ್ಟೆಗೂ ಇಳಿದು ನಗರದ ಪ್ರದರ್ಶನಗಳನ್ನು ಸೇರಿದೆ, ಒಳ್ಳೆಯದೇ. ಆದರೆ ಚೌಕಟ್ಟಿನ ಕೆಳಗೆ ‘ಜಾನಪದ ಕಲೆ’ ಎಂದಷ್ಟೇ ನಮೂದಿಸಿ ಚಿತ್ತಾರವನ್ನು ಬರೆದಾಕೆಯ ಹೆಸರನ್ನು ಬಿಡುವ ಪದ್ಧತಿ ಅನ್ಯಾಯದ್ದು. ಕವಿಯ ಹೆಸರಿಲ್ಲದೆ ಕವನವನ್ನು ಅಚ್ಚುಮಾಡದ ನಾವು, ಇವಳ ಹೆಸರಿಲ್ಲದೆ ಇವಳ ಚಿತ್ರವನ್ನು ತೂಗುಹಾಕುವುದು ಯಾವ ಅಧಿಕಾರದಿಂದ?

ಹೆಗ್ಗೋಡಿನಲ್ಲಿ ಕಲಿತು ತಮ್ಮ ಊರುಗಳಲ್ಲಿಯೆ ನಿಂತವರ ಕಾರ್ಯವು ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣಿಸುವುದಿಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುವವರು, ತಾಲ್ಲೂಕಿನ ಹವ್ಯಾಸಿ ತಂಡಗಳಿಗೆ ನಿರ್ದೇಶನ ಮಾಡುವವರು, ಕಾರಾಗೃಹಗಳಲ್ಲಿ ಬಂದಿಗಳಿಂದ ನಾಟಕ ಆಡಿಸುವವರು ಕನ್ನಡ ನಾಡಿನಲ್ಲಿ ಇಂದು ಅನೇಕರಿದ್ದಾರೆ. ಶರಾವತಿಯ ಹಿನ್ನೀರಿನಾಚೆಯ ತುಮರಿಯಲ್ಲಿ ಕೆ. ಜಿ. ಕೃಷ್ಣಮೂರ್ತಿಯವರ ಕಿನ್ನರ ಮೇಳವು ಮಕ್ಕಳ ನಾಟಕಗಳನ್ನು ಸಿದ್ಧಪಡಿಸಿ ಊರೂರಿಗೆ ಒಯ್ಯುತ್ತ ಬಂದಿದೆ. ಲಿಂಗನಮಕ್ಕಿಯ ಅಣೆಕಟ್ಟಿನಿಂದ ದ್ವೀಪದಂತಾಗಿದ್ದ ಆ ಕರೂರು ಸೀಮೆಗೆ ಹೋಗಿಬರುವವರು ದಶಕಗಳ ಕಾಲ ಲಾಂಚಿಗಾಗಿ ದಡದಲ್ಲಿ ಕಾಯಬೇಕಾಗಿದ್ದಿತು. 2025ರ ಜುಲೈಯಲ್ಲಿ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆಯಾಗಿದೆ. ಸಿಗಂದೂರಿನ ಯಾತ್ರಿಕರ ವಾಹನಗಳು ಈಗ ಅದರ ಮೇಲೆ ಸಾಲುಗಟ್ಟಿ ಹೋಗುತ್ತಿವೆ. ಅವರಲ್ಲಿ ಕೆಲವರಾದರೂ ತುಮರಿಯಲ್ಲಿ ಇಳಿದು, ಅಲ್ಲಿ ನಾಟಕ ಯಾವಾಗ ಎಂದು ವಿಚಾರಿಸುವಂತಾಗಲಿ ಎಂದು ಹಾರೈಸುತ್ತೇನೆ.